ಏಳನೆಯ ಉಲ್ಲೇಖ

14 ಮಾರ್ಚ್ 2024, ಗುರುವಾರ, ರಾತ್ರಿ

ವಾರ್ಷಿಕ ಮೌಲ್ಯಮಾಪನದ ನಮೂನೆಯಲ್ಲಿ ಒಂದೇ ಪುಟ ಬಾಕಿ ಇತ್ತು. ಖಗೋಳ ಲೇಖನಗಳ ಆನ್‌ಲೈನ್ ಸೂಚಿಯಾದ ಎಡಿಎಸ್ ತೆರೆದು, ಲೇಖನಗಳು 41, ಒಟ್ಟು ಉಲ್ಲೇಖಗಳು 1,312, ಎಚ್-ಇಂಡೆಕ್ಸ್ 17 ಎಂದು ತುಂಬಲು ಎರಡು ನಿಮಿಷ ಸಾಕಿತ್ತು. ಆದರೆ ಇಡೀ ಸಂಜೆ ಅದರಲ್ಲೇ ಕಳೆಯಿತು.

ಆ 1,312ರಲ್ಲಿ 640 ಒಂದೇ ಲೇಖನಕ್ಕೆ ಸೇರಿದವು. ಬಾಹ್ಯಾಕಾಶ ನೌಕೆಯ ಉಪಕರಣವೊಂದನ್ನು ಕುರಿತ ಆ ಲೇಖನಕ್ಕೆ 58 ಲೇಖಕರಿದ್ದು, ನನ್ನ ಹೆಸರು 34ನೆಯದು. ನಾನು ಬರೆದದ್ದು ಕ್ಯಾಲಿಬ್ರೇಶನ್ನಿನ ಒಂದು ಪ್ಯಾರಾ ಮತ್ತು ಒಂದು ಕೋಷ್ಟಕ ಮಾತ್ರ. ನಾಲ್ಕು ವರ್ಷ ಒಬ್ಬಳೇ ಕುಳಿತು ಬರೆದ, ಸಣ್ಣ ಕ್ಷುದ್ರಗ್ರಹಗಳ ಕಕ್ಷೆ ನಿಧಾನವಾಗಿ ಸರಿಯುವುದನ್ನು ಕುರಿತ ಲೇಖನಕ್ಕೆ ಏಳು ಉಲ್ಲೇಖಗಳಿವೆ, ಅವುಗಳಲ್ಲಿ ಮೂರು ನನ್ನವೇ. ಭೌತವಿಜ್ಞಾನಿ ಹಿರ್ಶ್ 2005ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಎಚ್-ಇಂಡೆಕ್ಸ್ 17 ಎಂದರೆ ಕನಿಷ್ಠ 17 ಉಲ್ಲೇಖ ಪಡೆದ ಲೇಖನಗಳು ನನ್ನಲ್ಲಿ 17 ಇವೆ ಎಂದಷ್ಟೇ ಅರ್ಥ. ಹೀಗಾಗಿ 640 ಪಡೆದದ್ದಕ್ಕೂ 18 ಪಡೆದದ್ದಕ್ಕೂ ಅಲ್ಲಿ ಒಂದೇ ತೂಕ. ಏಳು ಪಡೆದದ್ದು ಆ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ.

ಮಧ್ಯಾಹ್ನ ನನ್ನ ಸಂಶೋಧನಾ ವಿದ್ಯಾರ್ಥಿ ಕರಡನ್ನು ಹಿಡಿದು ಬಂದಿದ್ದ. "ಮೇಡಂ, ಇದನ್ನು ಮೂರು ಲೇಖನ ಮಾಡಿದರೆ ಹೇಗೆ?" ಎಂದ. ಮೂರರಲ್ಲೂ ಅದೇ ವಿಧಾನವನ್ನು ಮತ್ತೆ ಮತ್ತೆ ಬರೆಯಬೇಕಾಗುತ್ತದೆ, ಓದುವವರು ಮೂರನ್ನೂ ಹುಡುಕಿ ಜೋಡಿಸಿಕೊಳ್ಳಬೇಕಾಗುತ್ತದೆ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸದೆ ಯಾರ್ಕೊವ್‌ಸ್ಕಿಯ ಕಥೆ ತೆಗೆದೆ.

ಬಿಸಿಲಿಗೆ ಕಾದ ಕ್ಷುದ್ರಗ್ರಹ ತಾನು ತಿರುಗುವುದರಿಂದ ಆ ಶಾಖವನ್ನು ಸ್ವಲ್ಪ ತಡವಾಗಿ, ಬೇರೆ ದಿಕ್ಕಿಗೆ ಹೊರಸೂಸುತ್ತದೆ, ಆ ಸಣ್ಣ ತಳ್ಳುವಿಕೆಯೇ ಅದರ ಕಕ್ಷೆಯನ್ನು ಬದಲಿಸುತ್ತದೆ ಎಂಬ ವಿಚಾರವನ್ನು ಆತ 1900ರ ಸುಮಾರಿಗೆ ಒಂದು ಕಿರುಹೊತ್ತಿಗೆಯಲ್ಲಿ ಬರೆದು, 1902ರಲ್ಲಿ ತೀರಿಕೊಂಡ. ಹೊತ್ತಿಗೆಯನ್ನು ಎಲ್ಲರೂ ಮರೆತರು. ಎಂದೋ ಓದಿದ್ದನ್ನು ನೆನಪಿನಿಂದಲೇ ಎತ್ತಿ 1951ರಲ್ಲಿ ಖಗೋಳವಿಜ್ಞಾನಿ ಎಪಿಕ್ ಪ್ರಸ್ತಾಪಿಸದಿದ್ದರೆ ಆ ಹೆಸರೂ ಉಳಿಯುತ್ತಿರಲಿಲ್ಲ. ಗೊಲೆವ್ಕಾ ಎಂಬ ಕ್ಷುದ್ರಗ್ರಹ 1991ರಿಂದ 2003ರವರೆಗೆ ಇದೇ ಕಾರಣಕ್ಕೆ, ಗುರುತ್ವದಿಂದಷ್ಟೇ ಲೆಕ್ಕ ಹಾಕಿದ ಜಾಗದಿಂದ ಸುಮಾರು 15 ಕಿ.ಮೀ. ಸರಿದಿರುವುದನ್ನು ರಾಡಾರ್ ತೋರಿಸಿತು. ನಿನ್ನ ಕರಡಿನ ಪ್ರತಿ ಪುಟದಲ್ಲೂ ಆತನ ಹೆಸರಿದೆ, ಕೊನೆಯ ಪಟ್ಟಿಯಲ್ಲಿ ಮಾತ್ರ ಆ ಹೊತ್ತಿಗೆ ಇಲ್ಲ, ನೋಡು, ಎಂದೆ.

ವಿದ್ಯಾರ್ಥಿ ತಾಳ್ಮೆಯಿಂದ ಕೇಳಿ, "ಅವರಿಗೆ ರೈಲ್ವೆಯಲ್ಲಿ ಎಂಜಿನಿಯರ್ ಕೆಲಸ ಇತ್ತಲ್ಲ, ಮೇಡಂ" ಎಂದ.

ನನಗೆ ನಗು ಬಂತು, ಆತ ನಗಲಿಲ್ಲ. ಮುಂದಿನ ಆಗಸ್ಟಿಗೆ ಅವನ ಫೆಲೋಶಿಪ್ ಮುಗಿಯುತ್ತದೆ. ಅರ್ಜಿಗಳನ್ನು ಮೊದಲು ಜರಡಿ ಹಿಡಿಯುವವರು ಎಣಿಸುವುದು ಲೇಖನಗಳನ್ನೇ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಅಂಥ ಸಮಿತಿಗಳಲ್ಲಿ ಕುಳಿತು ನಾನೂ ಎಣಿಸಿದ್ದೇನೆ. ಖಾಯಂ ಕುರ್ಚಿಯಲ್ಲಿ ಕುಳಿತು ಆ ಕಥೆ ಹೇಳಿದ್ದು ಅವನಿಗೆ ಹೇಗೆ ಕೇಳಿಸಿರಬಹುದು?

ಸಂಜೆ ಆ ಏಳನೆಯ ಉಲ್ಲೇಖವನ್ನು ತೆರೆದು ನೋಡಿದೆ. ಕಳೆದ ತಿಂಗಳಷ್ಟೇ ಬಂದದ್ದು. ಪೀಠಿಕೆಯ ಎರಡನೆಯ ವಾಕ್ಯದಲ್ಲಿ, ಒಂದೇ ಆವರಣದೊಳಗೆ ತುರುಕಿದ ಐದು ಹೆಸರುಗಳಲ್ಲಿ ಕೊನೆಯದು ನನ್ನದು. ಕಕ್ಷೆ ಸರಿಯುವ ವೇಗದಿಂದ ಕಾಯದ ಸಾಂದ್ರತೆಯನ್ನು ಖಚಿತವಾಗಿ ತಿಳಿಯಬಹುದೆಂದು ಈ ಐವರೂ ತೋರಿಸಿದ್ದಾರಂತೆ. ಮೇಲ್ಮೈಯ ಉಷ್ಣ ಜಡತ್ವ, ಎಂದರೆ ಅದು ಎಷ್ಟು ನಿಧಾನವಾಗಿ ಕಾದು ತಣಿಯುತ್ತದೆ ಎಂಬುದು, ಗೊತ್ತಿಲ್ಲದೆ ಸಾಂದ್ರತೆಯನ್ನು ಹಾಗೆ ಹೇಳಲಾಗದು ಎಂದು ವಾದಿಸಲು ನಾನು ಒಂಬತ್ತು ಪುಟ ಖರ್ಚು ಮಾಡಿದ್ದೆ! ಸಾರಾಂಶವನ್ನಾದರೂ ಓದಿದ್ದರೆ ಸಾಕಿತ್ತು. ಆದರೂ ಕಳೆದ ತಿಂಗಳು ಆರು ಏಳಾದದ್ದನ್ನು ಕಂಡ ದಿನ, ಯಾರು, ಏಕೆ ಎಂದು ನೋಡುವ ಗೋಜಿಗೂ ಹೋಗದೆ ನಾನು ಖುಷಿಪಟ್ಟಿದ್ದೆ ಎಂಬುದನ್ನು ಇಲ್ಲಿ ಬರೆದಿಡಬೇಕು.

ನಮೂನೆಯಲ್ಲಿ "ನಿಮ್ಮ ಪ್ರಮುಖ ಲೇಖನ" ಎಂಬ ಅಂಕಣ ಇನ್ನೂ ಖಾಲಿ ಇದೆ. ಏಳರದ್ದನ್ನು ಹಾಕಿದೆ, ಅಳಿಸಿದೆ.

ಊಟವಾದ ಮೇಲೆ ವಿದ್ಯಾರ್ಥಿಯ ಕರಡನ್ನು ಇನ್ನೊಮ್ಮೆ ಓದಿದೆ. ಮೂರು ಮಾಡುವಷ್ಟು ಅದರಲ್ಲಿಲ್ಲ. ಆದರೆ ಉಷ್ಣ ಜಡತ್ವವನ್ನು ಅಂದಾಜಿಸುವ ನಾಲ್ಕನೆಯ ಭಾಗ, ಮಧ್ಯಾಹ್ನ ನಾನು ಸರಿಯಾಗಿ ನೋಡಿರಲಿಲ್ಲ, ಬೇರೆಯಾಗಿಯೇ ನಿಲ್ಲಬಲ್ಲದು. ನಾಳೆ ಅವನು ಬಂದಾಗ ಮೊದಲು ಅದನ್ನೇ ಹೇಳಬೇಕೋ, ಅಥವಾ ಅವನೇ ಮತ್ತೆ ಕೇಳಲಿ ಎಂದು…