ಕತ್ತಿ ಹಿರಿದ ಕೂಡಲೇ ಕಥೆ ಏಕೆ ಸುಳ್ಳಾಗುತ್ತದೆ?

ನಾನು ಗಂಗಾವತಿಯವಳು. ಕನ್ನಡದಲ್ಲಿ ಬರೆದು ಆಡುವ ರೋಲ್‌ಪ್ಲೇ ಆಟವೊಂದನ್ನು ಗೆಳೆಯರೊಂದಿಗೆ ನಡೆಸುತ್ತೇನೆ. ಚಿತ್ರವಿಲ್ಲ, ದಾಳವಿಲ್ಲ. ಒಬ್ಬೊಬ್ಬರದು ಒಂದೊಂದು ಪಾತ್ರ. ಒಬ್ಬರು ತಮ್ಮ ಸರದಿಯಲ್ಲಿ ನಾಲ್ಕು ಸಾಲು ಬರೆದರೆ ಮುಂದಿನವರು ಅದಕ್ಕೆ ಉತ್ತರವಾಗಿ ಬರೆಯಬೇಕು. ನಮ್ಮ ಕಥೆ ನಡೆಯುವುದು ಕೃಷ್ಣೆ, ತುಂಗಭದ್ರೆಯರ ನಡುವಿನ ಒಂದು ಕಾಲ್ಪನಿಕ ಪಾಳೆಯಪಟ್ಟಿನಲ್ಲಿ. ಹಾಗಾಗಿ ಹೊಡೆದಾಟಕ್ಕೆ ಬರವಿಲ್ಲ. ಹೊಸದಾಗಿ ಸೇರಿದವರು ಸುತ್ತಿ ಬಳಸಿ ಕೇಳುವ ಪ್ರಶ್ನೆಯೂ ಒಂದೇ: “ಅಕ್ಕಾ, ಮಾತುಕತೆ ಬರೆಯಲು ಬರುತ್ತದೆ, ಪ್ರೀತಿ, ಮುನಿಸು ಎಲ್ಲ ಬರುತ್ತದೆ. ಕತ್ತಿ ಹಿರಿದ ಕೂಡಲೇ ನಾನು ಬರೆದದ್ದು ನನಗೇ ಸುಳ್ಳೆನಿಸುತ್ತದೆ. ಏಕೆ?”

ಏಕೆಂದರೆ ನೀವು ಏಟು ಕೊಡುವುದನ್ನು ಬರೆಯುತ್ತೀರಿ, ಏಟು ತಿನ್ನುವುದನ್ನು ಬರೆಯುವುದಿಲ್ಲ.

ಬರಹದಲ್ಲೇ ಹಲವರು ಕೂಡಿ ಆಡುವ ಗಣಕದಾಟಗಳಿಗೆ ದಾರಿ ಹಾಕಿಕೊಟ್ಟ ‘ಮಡ್’ ಎಂಬ ಆಟವನ್ನು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ 1978ರಲ್ಲಿ ಶುರು ಮಾಡಿದರು. ಆಮೇಲೆ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದರು. ಅಲ್ಲಿ ಏಟು ತಗುಲಿತೋ ತಪ್ಪಿತೋ ಎಂದು ಗಣಕವೇ ತೀರ್ಮಾನಿಸುತ್ತಿತ್ತು. ನಮ್ಮಲ್ಲಿ ಆ ತೀರ್ಪುಗಾರನಿಲ್ಲ. ನಾನು ಬೀಸಿದ ಕತ್ತಿ ನಿಮಗೆ ತಗುಲಿತು ಎಂದು ಹೇಳಬೇಕಾದವರು ನೀವೇ. ಈ ಒಂದು ಸಂಗತಿ ಮರೆತಾಗ ಬರುವ ಬರಹ ಹೀಗಿರುತ್ತದೆ:

“ಭೈರವನು ಗಾಳಿಯಲ್ಲಿ ಎಗರಿ, ಈಟಿ ಹಿಡಿದ ಮಲ್ಲವ್ವನ ಮುಂಗೈ ಮುರಿದು, ತಿರುಗಿ ಬೀಳುತ್ತಲೇ ಹಿಂದಿದ್ದವನ ಕುತ್ತಿಗೆಗೆ ಕತ್ತಿಯಿಟ್ಟು ಮುಗುಳ್ನಕ್ಕನು.”

ಮಲ್ಲವ್ವನ ಪಾತ್ರ ಬರೆಯುತ್ತಿದ್ದ ಹುಡುಗಿ ಅಷ್ಟು ಹೊತ್ತಿಗೆ ಊಟಕ್ಕೆ ಎದ್ದಿದ್ದಳು. ಕೈತೊಳೆದು ಬಂದು ನೋಡಿದರೆ ಅವಳ ಪಾತ್ರದ ಮುಂಗೈ ಮುರಿದಿದೆ! ಆಡುವವರು ಇದನ್ನು ಗಾಡ್‌ಮೋಡಿಂಗ್ ಎನ್ನುತ್ತಾರೆ. ಹಲವರು ಇದನ್ನು ಸಭ್ಯತೆಯ ಪ್ರಶ್ನೆಯೆಂದು ಮಾತ್ರ ನೋಡುತ್ತಾರೆ. ನನ್ನ ತಕರಾರು ಬೇರೆ. ಆ ಸಾಲಿನಲ್ಲಿ ಯಾರೂ ಯಾರನ್ನೂ ತಡೆಯಲಿಲ್ಲ. ತಡೆಯದ ಕಡೆ ಬಲಕ್ಕೆ ತೂಕ ಎಲ್ಲಿಂದ ಬರಬೇಕು? ಭೈರವ ಹೊಡೆದದ್ದು ಮನುಷ್ಯರನ್ನಲ್ಲ, ಹೊಲದ ಬೆದರುಗೊಂಬೆಗಳನ್ನು.

ಅದೇ ಸರದಿಯನ್ನು ಮತ್ತೆ ಬರೆಸಿದೆ. “ಭೈರವನು ಈಟಿಯ ಕೋಲಿಗೆ ಎರಡೂ ಕೈ ಹಾಕಿ ತನ್ನತ್ತ ಜಗ್ಗಿದನು.” ಇಷ್ಟೇ, ಮುಂದೆ ಏನಾಯಿತೆಂದು ಅವನು ಹೇಳಲಿಲ್ಲ. ಮಲ್ಲವ್ವ ಕೋಲನ್ನು ಬಿಗಿಹಿಡಿದು ಎದುರು ಜಗ್ಗುತ್ತಾಳೆಂದು ನಾವೆಲ್ಲ ಕಾದಿದ್ದರೆ, ಆ ಹುಡುಗಿ ಬರೆದದ್ದು: “ಮಲ್ಲವ್ವ ಈಟಿಯನ್ನು ಬಿಟ್ಟುಬಿಟ್ಟಳು.” ಈಗ ಭೈರವನ ಸರದಿ. ಅವನೇ ಬರೆದ: “ಜಗ್ಗಿದ ರಭಸಕ್ಕೆ ಈಟಿಯ ಬುಡ ಬಂದು ಅವನ ಹೊಟ್ಟೆಗೇ ಗುದ್ದಿತು. ಎರಡು ಹೆಜ್ಜೆ ಹಿಂದೆ ಸರಿದು ಕುಕ್ಕರಿಸಿದನು. ಉಸಿರು ಹೊರಗೆ ಹೋದದ್ದು ಒಳಗೆ ಬರಲೊಲ್ಲದು.” ರಕ್ತವಿಲ್ಲ, ಎಗರಾಟವಿಲ್ಲ. ಆದರೂ ಓದಿದವರೆಲ್ಲ ಹೊಟ್ಟೆ ಹಿಡಿದುಕೊಂಡರು. ಮಲ್ಲವ್ವ ಗೆದ್ದಳೆಂದು ನಂಬಿಸಿದವನು ಭೈರವ.

ನಮ್ಮ ಕಡೆಯ ದೊಡ್ಡಾಟ ನೋಡಿದವರಿಗೆ ಇದು ಹೊಸದಲ್ಲ. ಕಿರೀಟ, ಭುಜಕೀರ್ತಿ ಹೊತ್ತ ಇಬ್ಬರು ಎದುರುಬದುರಾಗಿ ನಿಂತು ಕುಣಿಯುತ್ತಾರೆ. ಕತ್ತಿ ಮೈಗೆ ತಾಗುವ ಮಾತೇ ಇಲ್ಲ. ಸೋಲುವ ಪಾತ್ರಧಾರಿಯ ಹೆಜ್ಜೆ ತಪ್ಪಿದಾಗಲೇ ಎದುರಿನವನ ಕತ್ತಿಗೆ ಹರಿತ ಬರುವುದು. ಅವನು ಸೊಟ್ಟಗೆ ಸೋತರೆ ಇಡೀ ಕಾಳಗ ಕೆಟ್ಟಂತೆ.

ಎರಡನೆಯ ಮಾತು, ನನಗೆ ಇದೇ ಹೆಚ್ಚು ಪ್ರಿಯ: ಕಾಲ ಕೆಳಗೆ ಏನಿದೆ? ಹೊಸಬರ ಕಾಳಗಗಳೆಲ್ಲ ಯಾವುದೋ ನುಣುಪು ಹಾಸಿನ ಮೇಲೆ ನಡೆಯುತ್ತವೆ. ನಮ್ಮ ಸೀಮೆಯವರಿಗೆ ಈ ಬಡತನವೇಕೆ? ರಾಯಚೂರಿನ ಎರೆ ಹೊಲವನ್ನೇ ತೆಗೆದುಕೊಳ್ಳಿ. ಮಳೆ ಬಿದ್ದ ಮರುದಿನ ಅದರಲ್ಲಿ ಹತ್ತು ಹೆಜ್ಜೆ ನಡೆದರೆ ಕಾಲಿಗೆ ಮಣ್ಣು ಮೆತ್ತಿ ಮೆತ್ತಿ ಒಂದೊಂದು ಪಾದವೂ ಮಣಭಾರವಾಗುತ್ತದೆ. ಅಲ್ಲಿ ಎಗರುವ ವೀರನನ್ನು ನಾನು ನಂಬುವುದಿಲ್ಲ. ಹಿಂದೆ ಸರಿಯಲೂ ಆಗದೆ, ಕಾಲು ಕೀಳಲು ಹೋಗಿ ಚಪ್ಪಲಿಯನ್ನು ಕೆಸರಿಗೇ ಬಿಟ್ಟು, ನಿಂತಲ್ಲೇ ಏಟು ತಡೆದುಕೊಳ್ಳುವವನನ್ನು ನಂಬುತ್ತೇನೆ. ಅದೇ ಹೊಲ ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿದಿರುತ್ತದೆ. ಎದುರಾಳಿಯ ಕಣ್ಣನ್ನೇ ನೋಡುತ್ತ ಹಿಂದೆ ಸರಿಯುವವನ ಹಿಮ್ಮಡಿ ಆ ಬಿರುಕಿಗೆ ಸಿಕ್ಕರೆ ಸಾಕು. ಆನೆಗೊಂದಿಯ ಬಂಡೆಗಳ ಮೇಲಾದರೆ ಮಧ್ಯಾಹ್ನದ ಹೊತ್ತಿಗೆ ಬರಿಗಾಲಿನವರು ನಿಂತಲ್ಲಿ ನಿಲ್ಲಲಾರರು. ನೆರಳು ಯಾರ ಕಡೆ ಇದೆ ಎಂಬುದೇ ಅಲ್ಲಿ ಅರ್ಧ ಯುದ್ಧ.

ಹರಿಗೋಲಿನ ಮೇಲಿನ ಕಾಳಗವನ್ನು ಹೊಸಬರಿಂದ ನಾನು ತಪ್ಪದೆ ಬರೆಸುತ್ತೇನೆ. ಬಿದಿರಿನಿಂದ ಹೆಣೆದ ದುಂಡನೆಯ ಹರಿಗೋಲಿಗೆ ಹಿಂದು ಮುಂದು ಎಂಬುದಿಲ್ಲ, ನೀರಿನಲ್ಲಿ ಅದನ್ನು ಒಂದೇ ದಿಕ್ಕಿಗೆ ನಿಲ್ಲಿಸುವ ಏರ್ಪಾಡೂ ಇಲ್ಲ. ಅದರಲ್ಲಿ ನಿಂತು ನೀವು ಕತ್ತಿಯನ್ನು ಬಲಕ್ಕೆ ಬೀಸಿದರೆ ಹರಿಗೋಲು ನಿಮ್ಮ ಕಾಲಡಿಯಲ್ಲಿ ಎಡಕ್ಕೆ ತಿರುಗುತ್ತದೆ. ಒಬ್ಬ ಅಂಚಿಗೆ ವಾಲಿದರೆ ಇನ್ನೊಬ್ಬನ ಕಡೆ ಮೇಲೇಳುತ್ತದೆ. ಅಂದರೆ ಎದುರಾಳಿಯನ್ನು ನೀರಿಗೆ ತಳ್ಳಿದವನ ಕಾಲಡಿಯೂ ಅದೇ ಗಳಿಗೆಯಲ್ಲಿ ಅದುರುತ್ತದೆ. ಇಬ್ಬರು ಕಟ್ಟಾಳುಗಳು ಕೊನೆಗೆ ಕತ್ತಿ ಬಿಟ್ಟು, ಮಂಡಿಯೂರಿ, ಒಬ್ಬರನ್ನೊಬ್ಬರು ಹಿಡಿದುಕೊಂಡೇ ಗುದ್ದಾಡಬೇಕಾಗುತ್ತದೆ. ಹುಟ್ಟು ಹಾಕುವ ಅಂಬಿಗನೊಬ್ಬನನ್ನು ನಡುವೆ ಕೂರಿಸಿದರಂತೂ ಕೇಳಲೇಬೇಡಿ. ಅವನು ಯಾರ ಪಕ್ಷವೋ ಅವರೇ ಗೆಲ್ಲುತ್ತಾರೆ.

ಕಾಲದ ಲೆಕ್ಕವನ್ನು ಬೇಗ ಹೇಳಿ ಮುಗಿಸುತ್ತೇನೆ. ದಾಳದ ಆಟಗಳಲ್ಲಿ ಹೆಸರಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಈಗಿನ ನಿಯಮದಂತೆ ಕಾಳಗದ ಒಂದು ಸುತ್ತು ಎಂದರೆ 6 ಸೆಕೆಂಡು. ಅಷ್ಟರಲ್ಲಿ ಒಂದು ಕೆಲಸ ಆಗುತ್ತದೆ, ಹೆಚ್ಚೆಂದರೆ ಎರಡು. ಒಂದೇ ಸರದಿಯಲ್ಲಿ ಏಳು ಕ್ರಿಯಾಪದ ಕಂಡರೆ ನಾನು ಐದನ್ನು ಹೊಡೆದುಹಾಕುತ್ತೇನೆ. ದೂರದ ವಿಷಯದಲ್ಲಿ ಮಾತ್ರ ಇದಕ್ಕೆ ತಿರುಗುಮುರುಗು, ಅಲ್ಲಿ ನಾವು ಸಮಯವನ್ನು ಹಿಗ್ಗಿಸಿಬಿಡುತ್ತೇವೆ. ಅಮೆರಿಕದ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ 1983ರಲ್ಲಿ ತೋರಿಸಿದ ಲೆಕ್ಕದಂತೆ, ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಟ್ಟಬಲ್ಲ. ಅವನು ಅತ್ತ ಓಡಿ ಬರುತ್ತಿರುವಾಗ ನಿಮ್ಮ ನಾಯಕ ಇತ್ತ ತನ್ನ ವಂಶದ ಹಿರಿಮೆ ಹೇಳಿಕೊಂಡು ನಿಲ್ಲಲು ಸಾಧ್ಯವಿಲ್ಲ. ದೊಡ್ಡಾಟದಲ್ಲಿ ಸಾಧ್ಯ, ಅಲ್ಲಿ ಮದ್ದಳೆ ಇದೆ.

ಸಾವು ಹೇಗೆ ಬರೆಯಬೇಕೆಂದು ಕೇಳಿದವರಿಗೆ ನಾನು ರಾಯಚೂರು ಕೋಟೆಯ ಕಥೆ ಹೇಳುತ್ತೇನೆ. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಾನನ್ನು ಸೋಲಿಸಿ, ಅವನ ಕೈಯಲ್ಲಿದ್ದ ರಾಯಚೂರನ್ನು ಗೆದ್ದುಕೊಂಡದ್ದು ಎಲ್ಲರಿಗೂ ಗೊತ್ತು. ಮುಂದೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಫೆರ್ನಾವ್ ನೂನಿಜ್ ಆ ಮುತ್ತಿಗೆಯನ್ನು ಬರೆದಿಟ್ಟಿದ್ದಾನೆ. ಕ್ರಿಸ್ತೋವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಬಂದೂಕಿನವರೊಂದಿಗೆ ರಾಯನ ನೆರವಿಗೆ ನಿಂತು, ಗೋಡೆಯ ಮೇಲೆ ತಲೆ ತೋರಿಸಿದವರನ್ನೆಲ್ಲ ಹೊಡೆಯುತ್ತಿದ್ದನಂತೆ. ಕಾವಲಿನವರು ಮೇಲೆ ನಿಲ್ಲಲಾರದಾದಾಗ ಕೆಳಗಿನವರು ಗೋಡೆಯ ಕಲ್ಲು ಕೀಳತೊಡಗಿದರು. ಆ ಪರದೇಶಿಗಳು ಎಲ್ಲಿದ್ದಾರೆಂದು ನೋಡಲು ಕೋಟೆಯ ಅಧಿಪತಿ ಗೋಡೆಯ ಸಂದಿನಿಂದ ಹೊರಗೆ ಬಾಗಿದ. ಗುಂಡು ನೇರ ಹಣೆಗೆ ಬಿತ್ತು. ಮರುದಿನ ಕೋಟೆಯವರು ಶರಣಾದರು.

ಇಲ್ಲಿ ಬರೆಯುವವರಿಗೆ ಸಿಗುವ ಸಾಲು ಗುಂಡಿನದಲ್ಲ, ಬಾಗಿದ್ದರದು. ಅಧಿಪತಿಗೆ ನೋಡಬೇಕೆನಿಸಿತು, ನೋಡಿದ. ನಿಮ್ಮ ಪಾತ್ರ ಸಾಯುವುದಾದರೆ ಅದಕ್ಕೆ ಕಾರಣವಾಗುವ ಒಂದು ಸಣ್ಣ ಕೆಲಸವನ್ನು ಆ ಪಾತ್ರದ ಕೈಯಿಂದಲೇ ಮಾಡಿಸಿ. ಎದುರಾಳಿಯ ಶೌರ್ಯವನ್ನು ಎಷ್ಟು ಬಣ್ಣಿಸಿದರೂ ಆ ಬಾಗುವಿಕೆಯ ಬಲ ಬರುವುದಿಲ್ಲ.

ಗಾಯಗಳ ಬಗ್ಗೆ ನನ್ನದು ಕಟ್ಟುನಿಟ್ಟು. ಆಟದ ಜೊತೆಗೆ ಒಂದು ಚೀಟಿ ಇಟ್ಟುಕೊಂಡು ಯಾರಿಗೆ ಎಲ್ಲಿ ಪೆಟ್ಟಾಗಿದೆ ಎಂದು ಬರೆದಿಡುತ್ತೇನೆ. ಬೆಳಗ್ಗೆ ಭುಜಕ್ಕೆ ಬಾಣ ತಾಗಿದವನು ಸಂಜೆ ಅದೇ ಕೈಯಿಂದ ಬಾವಿಯ ನೀರು ಸೇದಿದರೆ ಸರದಿಯನ್ನು ವಾಪಸ್ ಕಳಿಸುತ್ತೇನೆ. ಕಾಳಗದ ಕಾವಿನಲ್ಲಿ ನೋವು ಗೊತ್ತಾಗದಿರಬಹುದು, ಅದು ನಿಜ. ಕಣ್ಣು ಎದುರಿಗಿರುವ ಒಂದನ್ನೇ ಕಾಣುತ್ತದೆ, ಪಕ್ಕದವನು ಕೂಗಿದ್ದು ಕಿವಿಗೆ ಬೀಳುವುದಿಲ್ಲ, ಬೆರಳುಗಳು ಸಣ್ಣ ಕೆಲಸಕ್ಕೆ ಒಗ್ಗುವುದಿಲ್ಲ. ಎಲ್ಲ ಮುಗಿದ ಮೇಲೆ ಕೈ ನಡುಗುತ್ತದೆ. ಚೆನ್ನಾಗಿ ಬರೆಯುವವರು ಈ ಮುಗಿದ ಮೇಲಿನ ಹೊತ್ತನ್ನು ಬಿಡುವುದಿಲ್ಲ: ಕತ್ತಿಯನ್ನು ಒರೆಗೆ ಸೇರಿಸಲು ಹೋಗಿ ಬಾಯಿ ತಪ್ಪಿಸುವುದು, ನೀರು ಕುಡಿಯಲು ಹೋಗಿ ಎದೆಯ ಮೇಲೆ ಚೆಲ್ಲಿಕೊಳ್ಳುವುದು. ತಲೆಗೆ ಒಂದು ಗುದ್ದು ಕೊಟ್ಟು ಕಾವಲಿನವನನ್ನು ಗಂಟೆಗಟ್ಟಲೆ ಮಲಗಿಸುವ ಚಾಳಿಯನ್ನು ಮಾತ್ರ ಬಿಟ್ಟುಬಿಡಿ. ಅಷ್ಟು ಹೊತ್ತು ಎಚ್ಚರ ತಪ್ಪಿದವನಿಗೆ ಬೇಕಾದದ್ದು ವೈದ್ಯರು, ಅವನು ಎದ್ದು ತಲೆ ಕೊಡವಿಕೊಂಡು ಹೋಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಬರುವ ಮರುಪ್ರಶ್ನೆ: “ನಾನು ಏಟು ತಿನ್ನಲು ತಯಾರು ಅಕ್ಕಾ, ಎದುರಿನವನು ಒಂದೂ ತಿನ್ನುವುದಿಲ್ಲವಲ್ಲ?” ಅಂಥವರು ಇದ್ದೇ ಇರುತ್ತಾರೆ. ಅವರ ಮೇಲೆ ಇನ್ನೂ ದೊಡ್ಡ ಕತ್ತಿ ಬೀಸಿ ಪ್ರಯೋಜನವಿಲ್ಲ, ಅದನ್ನೂ ತಪ್ಪಿಸಿಕೊಳ್ಳುತ್ತಾರೆ. ಆಟ ನಿಲ್ಲಿಸಿ, ಪಾತ್ರಗಳನ್ನು ಬದಿಗಿಟ್ಟು, ಈ ಕಾಳಗದಲ್ಲಿ ಯಾರು ಸೋಲಬೇಕೆಂದು ನೇರವಾಗಿ ಮಾತಾಡಿಕೊಳ್ಳಿ. ಕೊನೆ ಮೊದಲೇ ಗೊತ್ತಾದರೆ ಸ್ವಾರಸ್ಯ ಹೋಗುತ್ತದೆ ಎನ್ನುವವರಿದ್ದಾರೆ. ದುರ್ಯೋಧನ ಸಾಯುತ್ತಾನೆಂದು ಗೊತ್ತಿದ್ದೂ ನಮ್ಮ ಜನ ಬೆಳಗಿನವರೆಗೆ ಆಟ ನೋಡುತ್ತಾರೆ. ಮಾತಿಗೂ ಒಪ್ಪದಿದ್ದರೆ ನಿಮ್ಮ ಪಾತ್ರವನ್ನು ಆ ಜಗಳದಿಂದ ಎಬ್ಬಿಸಿಕೊಂಡು ಬೇರೆ ಊರಿಗೆ ಕಳಿಸಿಬಿಡಿ. ಕಂಪ್ಲಿಯ ದಾರಿ ಯಾವಾಗಲೂ ತೆರೆದಿರುತ್ತದೆ.