ಕೈಯಲ್ಲಿದ್ದದ್ದು ಮೊಸರಿನ ಪ್ಯಾಕೆಟ್

2025ರ ಜುಲೈ. ತಿಂಗಳ ಜಿಎಸ್‌ಟಿ ರಿಟರ್ನ್ ಆದ 3ಬಿ ಫೈಲಿಂಗ್‌ಗೆ ಎರಡೇ ದಿನ ಬಾಕಿ. ನಮ್ಮ ಬೀದಿಯ ಹಾಲಿನ ಬೂತ್ ಅಣ್ಣ ಬೆಳಗಿನ ವ್ಯಾಪಾರ ಮುಗಿಸಿ ಸೀದಾ ನಮ್ಮ ಆಡಿಟರ್ ಆಫೀಸಿಗೆ ಬಂದರು. ಕೂರಿ ಅಂದರೂ ಕೂರಲಿಲ್ಲ. ಮೊಬೈಲನ್ನು ನನ್ನ ಟೇಬಲ್ ಮೇಲಿಟ್ಟು, "ಇದೇನು ನೋಡಿ ಸಾರ್" ಅಂದರು.

ಜಿಎಸ್‌ಟಿ ನೋಟಿಸ್. 2021-22ರಿಂದ ಈಚೆಗೆ ಯುಪಿಐನಲ್ಲಿ ಅವರಿಗೆ ಬಂದ ದುಡ್ಡಿನ ಲೆಕ್ಕ. ಒಂದು ವರ್ಷದ್ದೇ 61 ಲಕ್ಷ. ರಿಜಿಸ್ಟ್ರೇಷನ್ ಯಾಕಿಲ್ಲ, ತೆರಿಗೆ ಯಾಕೆ ಕಟ್ಟಿಲ್ಲ, ಉತ್ತರ ಕೊಡಿ ಎಂದಿತ್ತು. ಆ ವಾರ ರಾಜ್ಯದಲ್ಲಿ ಸಾವಿರಾರು ಸಣ್ಣ ಅಂಗಡಿಯವರ ಕೈಯಲ್ಲಿ ಇಂಥದ್ದೇ ಕಾಗದ. ಬೆಂಗಳೂರಲ್ಲಿ ಬೇಕರಿ, ಟೀ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿ ಅಂಟಿದ್ದವು.

ನನಗೆ ಗಾಬರಿ ಆಗಲಿಲ್ಲ. ಹಾಲಿಗೆ ತೆರಿಗೆ ಇಲ್ಲ. ಬರೀ ವಿನಾಯಿತಿ ಮಾಲು ಮಾರುವವರಿಗೆ ರಿಜಿಸ್ಟ್ರೇಷನ್ನೇ ಬೇಡ. ಒಂದು ಪುಟದ ಉತ್ತರ ಸಾಕು ಎಂದುಕೊಂಡು ಟೈಪ್ ಮಾಡಲು ಶುರು ಮಾಡಿದೆ. ನಮ್ಮ ಸಾರ್ ಹಿಂದೆ ಬಂದು ನಿಂತು ಓದಿದರು. ಕೇಳಿದ್ದು ಒಂದೇ ಮಾತು: "ಮೊಸರು ಮಾರ್ತಾರಾ?"

ಅಣ್ಣ ನನ್ನ ಮುಖ ನೋಡಿದರು. ನಾನು ಕೀಬೋರ್ಡ್ ನೋಡಿದೆ.

2023ರಲ್ಲಿ ಒಂದು ಸಂಜೆ ಇದೇ ಅಣ್ಣ ಚಿಲ್ಲರೆ ಕೊಡುತ್ತಾ, "ನಮಗೂ ಜಿಎಸ್‌ಟಿ ಮಾಡಿಸ್ಬೇಕಾ?" ಎಂದು ಕೇಳಿದ್ದರು. "ಹಾಲಿಗೆ ಟ್ಯಾಕ್ಸ್ ಇಲ್ಲ ಅಣ್ಣ, ತಲೆ ಕೆಡಿಸ್ಕೋಬೇಡಿ" ಅಂದಿದ್ದೆ. ಹಾಗೆ ಅನ್ನುವಾಗ ನನ್ನ ಕೈಯಲ್ಲಿದ್ದದ್ದು ಅರ್ಧ ಲೀಟರ್ ಮೊಸರಿನ ಪ್ಯಾಕೆಟ್. ಪ್ಯಾಕೆಟ್ ಮೊಸರಿಗೆ 2022ರ ಜುಲೈ 18ರಿಂದ ಶೇ 5 ತೆರಿಗೆ ಇದೆ. ನಾನೇ ದಿನಾ ಎಂಟ್ರಿ ಹಾಕುವ ರೇಟು ಅದು. ಹಾಲಿನ ಜೊತೆ ಮೊಸರು, ಬಿಸ್ಕತ್ತು, ರಸ್ಕ್ ಇಟ್ಟರೆ ವಿನಾಯಿತಿಯ ಹಾಲೂ ಸೇರಿಯೇ ರಿಜಿಸ್ಟ್ರೇಷನ್ ಕಡ್ಡಾಯವಾಗುವ ವರ್ಷಕ್ಕೆ 40 ಲಕ್ಷದ ಮಿತಿ ಲೆಕ್ಕ ಆಗುತ್ತದೆ. ಅವರ ಅಂಗಡಿಯ ಕಪಾಟು ನನ್ನ ಕಣ್ಣೆದುರೇ ಇತ್ತು. ಬೇರೆ ಏನೇನು ಮಾರ್ತೀರಿ ಎಂದು ಕೇಳಲಿಲ್ಲ.

ಮೂರು ರಾತ್ರಿ ಸ್ಟೇಟ್‌ಮೆಂಟ್ ಬಿಡಿಸಿದೆವು. ಪಿಡಿಎಫ್ ಎಕ್ಸೆಲ್‌ಗೆ ಹಾಕಿದರೆ ಸಾಲುಗಳೆಲ್ಲ ಚೆಲ್ಲಾಪಿಲ್ಲಿ. ಚೀಟಿ ದುಡ್ಡು, ಬಾಮೈದ ತೀರಿಸಿದ ಕೈಗಡ ತೆಗೆದರೆ ಮೂರು ಲಕ್ಷ ಇಳಿಯಿತು. ಪ್ಲಾಸ್ಟಿಕ್ ಕವರಿನಲ್ಲಿ ತಂದ, ಮಾಲು ತರಿಸಿದ ಇಂಡೆಂಟ್ ಚೀಟಿಗಳಲ್ಲಿ ಅರ್ಧದ ಮಸಿ ಮಾಸಿತ್ತು. ಕೊನೆಗೆ ಹಾಲು 42 ಲಕ್ಷ, ತೆರಿಗೆ ಬೀಳುವ ಮಾಲು 16 ಲಕ್ಷ. ಮೊದಲೇ ಕಾಂಪೊಸಿಷನ್, ಅಂದರೆ ಸಣ್ಣ ವ್ಯಾಪಾರಿಗಳ ಕಡಿಮೆ ದರದ ತೆರಿಗೆ ಯೋಜನೆ, ಮಾಡಿಸಿದ್ದರೆ ಆ 16 ಲಕ್ಷದ ಮೇಲೆ ಶೇ 1, ವರ್ಷಕ್ಕೆ 16 ಸಾವಿರ. ಹಿಂದಿನ ವರ್ಷಗಳಿಗೆ ಈಗ ಕಾಂಪೊಸಿಷನ್ ಸಿಗುವುದಿಲ್ಲ. ಆ ವ್ಯತ್ಯಾಸವೇ ನನ್ನ ಆ ಒಂದು ಮಾತಿನ ಬೆಲೆ.

ಯುಪಿಐ ಬಂದದ್ದರಿಂದ ತೆರಿಗೆ ಬಂತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಗದಾಗಿ ತೆಗೆದುಕೊಂಡರೂ ಕಾನೂನು ಅದೇ. ಮೊದಲು ಕಾಣುತ್ತಿರಲಿಲ್ಲ, ಈಗ ಕಾಣುತ್ತದೆ. ಆದರೆ 2020ರ ಜನವರಿಯಿಂದ ಯುಪಿಐಗೆ ವ್ಯಾಪಾರಿ ಶುಲ್ಕವನ್ನೇ ತೆಗೆದು, ಕ್ಯೂಆರ್ ಹಾಕಿಸಿಕೊಳ್ಳಿ ಎಂದು ಹುರಿದುಂಬಿಸಿದ ವ್ಯವಸ್ಥೆ, ಮಿತಿ ದಾಟಿದ ಮೊದಲ ವರ್ಷವೇ ಒಂದು ಎಸ್‌ಎಂಎಸ್ ಕಳಿಸಬಹುದಿತ್ತು. ಪ್ಯಾಕೆಟ್ಟಿಗೆ ಬಿಡಿಗಾಸು ಕಮಿಷನ್ ಸಿಗುವವರ ಮುಂದೆ ನಾಲ್ಕು ವರ್ಷದ ಲೆಕ್ಕ ಒಟ್ಟಿಗೆ ಇಡುವುದು ಅನ್ಯಾಯ. ಡೇಟಾ ಓದುವ ಯಂತ್ರಕ್ಕೆ ಹಾಲೂ ಒಂದೇ, ಬಿಸ್ಕತ್ತೂ ಒಂದೇ, ಬಾಮೈದನೂ ಒಂದೇ.

ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ಮಾಡಿ, ರಿಜಿಸ್ಟ್ರೇಷನ್ ಮಾಡಿಸಿಕೊಂಡರೆ ಹಳೇ ಬಾಕಿ ಕೇಳುವುದಿಲ್ಲ ಎಂದರು. ಅವತ್ತು ಸಂಜೆ ಬೂತಿಗೆ ಹೋಗಿ, 2023ರಲ್ಲಿ ಹೇಳಿದ್ದು ತಪ್ಪು, ಆ ತಪ್ಪು ನನ್ನದು ಅಂದೆ. ಅಣ್ಣ ಸ್ವಲ್ಪ ಹೊತ್ತು ಕ್ರೇಟ್ ಜೋಡಿಸುತ್ತಲೇ ಇದ್ದರು. "ಅವತ್ತು ಇನ್ನೊಂದು ಮಾತು ಕೇಳಿದ್ರೆ ಹೇಳ್ತಿದ್ದೆ ಸಾರ್" ಅಂದರು.

ಈಗ ಮೂರು ತಿಂಗಳಿಗೊಮ್ಮೆ ಸಿಎಂಪಿ-08 ಫಾರ್ಮಿನಲ್ಲಿ ಕಾಂಪೊಸಿಷನ್ ತೆರಿಗೆ ಕಟ್ಟುವಾಗ ನೂರು ಪುಟದ ನೋಟ್‌ಬುಕ್ ತರುತ್ತಾರೆ. ಹಾಲಿಗೆ ನೀಲಿ ಶಾಯಿ. ಮೊಸರಿಗೆ ಕೆಂಪು ಗೆರೆ ಎಳೆದ ಬೇರೆ ಕಾಲಂ.