ಓಮ್ನಿಯ ಜಾರುಬಾಗಿಲು: ಇಳಿಜಾರಿನಲ್ಲೂ ಕೊಕ್ಕೆ ಬೀಳತೊಡಗಿದೆ

ಪ್ರಯಾಣದಲ್ಲಿ ರಾತ್ರಿ ಮಲಗಲು ಬಳಸುವ ನನ್ನ ಓಮ್ನಿ ವ್ಯಾನಿನ ಎಡಬದಿಯ ಜಾರುಬಾಗಿಲಿಗೆ ಹಾಕಿದ ಕೊಕ್ಕೆಬೀಗ ಈಗ ಗಾಡಿ ಎಲ್ಲಿ ನಿಂತರೂ ಸರಿಯಾಗಿ ಬೀಳುತ್ತಿದೆ. ಮನೆಯಂಗಳದಲ್ಲಿ ಅದು ಎಂದೂ ತಕರಾರು ಮಾಡಿದ್ದಿಲ್ಲ. ರಾಣಿಪುರಂ ಕಡೆಯ ಗುಡ್ಡೆಗಳಲ್ಲಿ ಒಂದು ಚಕ್ರ ಮುರಕಲ್ಲಿನ ಮೇಲೆ, ಇನ್ನೊಂದು ತಗ್ಗಿನಲ್ಲಿ ನಿಂತಿತೆಂದರೆ ಮಾತ್ರ ಕೀಲಿ ಅರ್ಧ ತಿರುಗಿ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಬೀಗ ಬೇಕಾದದ್ದು ಅಂಥ ಜಾಗದಲ್ಲೇ. ಅಂಗಳದಲ್ಲಿ ಗಾಡಿ ಕಾಯಲು ನಾಯಿ ಇದೆ.

ಬಾಗಿಲ ಚೌಕಟ್ಟಿನ ಕಂಬಕ್ಕೆ ತೂತು ಕೊರೆದದ್ದು, ಕೊರೆದ ಅಂಚಿಗೆ ಜಿಂಕ್ ಪ್ರೈಮರ್ ಬಳಿದದ್ದು, ಬೀಗ ಕೂರಿಸಿದ್ದು ಇವನ್ನೆಲ್ಲ ಬಿಟ್ಟುಬಿಡುತ್ತೇನೆ. ಜಾರುಬಾಗಿಲಿಗೆ ನೇರ ಅಗುಳಿ ಏಕೆ ಸಾಲದೆಂಬುದೂ ಗೊತ್ತಿರುವುದೇ: ಬಾಗಿಲು ಜಾರುವ ದಿಕ್ಕೂ ಅಗುಳಿ ಕಳಚುವ ದಿಕ್ಕೂ ಒಂದೇ. ಕೊಕ್ಕೆಯಾದರೆ ಎದುರಿನ ಕಂಬದ ತಗಡಿನ ಸೀಳಿನೊಳಗೆ ಹೊಕ್ಕು, ಮೇಲಕ್ಕೆ ತಿರುಗಿ ಹಿಂದಿನಿಂದ ಹಿಡಿದುಕೊಳ್ಳುತ್ತದೆ. ಆದರೆ ಹೊಗಬೇಕಾದರೆ ಸೀಳು ಎದುರಿಗೇ ಇರಬೇಕು.

ಯಾರನ್ನು ಕೇಳಿದರೂ ಮೊದಲು ಬೆರಳು ತೋರಿಸುವುದು ಬಾಗಿಲನ್ನು ಕಂಬಿಯ ಮೇಲೆ ಓಡಿಸುವ ರೋಲರಿನ ಕಡೆಗೆ. ರೋಲರ್ ಹೊಸದು, ಕಂಬಿಯೂ ಸವೆದಿರಲಿಲ್ಲ. ಹಾಗಾಗಿ ಇಳಿಜಾರನ್ನೇ ಮನೆಗೆ ತಂದೆ. ಹಿಂದಿನ ಎಡ ಚಕ್ರವನ್ನು ಪೇರಿಸಿದ ಹಲಗೆಗಳ ಮೇಲೆ ಹತ್ತಿಸಿ, ಕೊಕ್ಕೆಯ ತುದಿಗೆ ತೆಂಗಿನೆಣ್ಣೆಯಲ್ಲಿ ಕಲಸಿದ ಕುಂಕುಮ ಸವರಿ, ಬಾಗಿಲು ಮುಚ್ಚಿ ಕೀಲಿ ತಿರುಗಿಸಿದೆ. ತೆರೆದು ನೋಡಿದರೆ ಕೆಂಪು ಗುರುತು ಸೀಳಿನೊಳಗೆ ಇಲ್ಲ. ಅದರ ಮೇಲಂಚಿಗಿಂತ 3 ಮಿ.ಮೀ. ಮೇಲೆ, ತಗಡಿನ ಮೇಲೆಯೇ ಬಿದ್ದಿದೆ. ಬಾಗಿಲಿನ ಸಂದಿಗೆ ಡ್ರಿಲ್ ಬಿಟ್‌ಗಳ ಹಿಂಬದಿ ತೂರಿಸಿ ಅಳೆದೆ. ಸಮನೆಲದಲ್ಲಿ ಮೇಲೂ ಕೆಳಗೂ 5 ಮಿ.ಮೀ. ಬಿಟ್ ಹೋಗುತ್ತಿತ್ತು. ಹಲಗೆ ಹತ್ತಿಸಿದಾಗ ಮೇಲೆ 7, ಕೆಳಗೆ 4ರದ್ದು ಬಿಗಿಯಾಗಿ. ಓಮ್ನಿಗೆ ಲಾರಿಯಂತೆ ಬೇರೆ ಚಾಸಿ (ಅಡಿಚೌಕಟ್ಟು) ಇಲ್ಲ, ಮೈಯೇ ಚಾಸಿ. ಆ ಮೈಯ ಎರಡೂ ಬದಿಯಲ್ಲಿ ಅಷ್ಟಗಲದ ಬಾಯಿ ತೆರೆದಿಟ್ಟ ಮೇಲೆ ಅದು ತಿರುಚದೆ ಇನ್ನೇನು ಮಾಡೀತು? ಬಾಗಿಲು ಚೌಕಾಕಾರವಾಗಿಯೇ ಉಳಿಯುತ್ತದೆ, ಚೌಕಟ್ಟು ಓರೆಯಾಗುತ್ತದೆ. ಬೀಗದಲ್ಲಿ ಯಾವ ದೋಷವೂ ಇರಲಿಲ್ಲ.

ಕುಂಬಳೆಯ ಲೇತಿನ ಅಣ್ಣ ಹೇಳಿದ ಉಪಾಯ ಸುಲಭದ್ದು: "ಸೀಳನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿ, ಕೊಕ್ಕೆ ತಾನಾಗಿ ಬೀಳುತ್ತದೆ." ಬೀಳುತ್ತದೆ, ಒಪ್ಪುತ್ತೇನೆ. ಆದರೆ ಸೀಳು ಸಡಿಲವಾದಷ್ಟೂ ಬಾಗಿಲು ಅಲುಗಾಡುತ್ತದೆ. ಅಲುಗಾಡಿದಷ್ಟೂ ಹಾರೆಯ ತುದಿಗೆ ಜಾಗ ಸಿಗುತ್ತದೆ. ದಾರಿಯುದ್ದಕ್ಕೂ ಕಟಕಟ ಸದ್ದು ಬೇರೆ. ಇಷ್ಟು ದುಡ್ಡು ಕೊಟ್ಟು ತಂದ ಬೀಗವನ್ನು ಗಿಲಕಿ ಮಾಡಲು ನನಗೆ ಮನಸ್ಸಿಲ್ಲ.

ಬಾಗಿಲು ಮೊದಲು ತನ್ನ ಜಾಗ ಸೇರಬೇಕು, ಬೀಗದ ಸರದಿ ಆಮೇಲೆ. ಅದಕ್ಕಾಗಿ ಬಾಗಿಲಿನ ಮುಂದಿನ ಅಂಚಿನಲ್ಲಿ, ಕೊಕ್ಕೆಯ ಮೇಲೊಂದು ಕೆಳಗೊಂದು, 12 ಮಿ.ಮೀ. ದಪ್ಪದ ಸ್ಟೀಲ್ ಗೂಟ. ತುದಿ ಚೂಪಾಗಿ ಇಳಿದದ್ದು. ಎದುರಿನ ಕಂಬದಲ್ಲಿ ಬಾಯಿ ಅಗಲವಾದ ಪ್ಲಾಸ್ಟಿಕ್ ಗೂಡು. ಬಾಗಿಲು ಕೊನೆಯ ಇಂಚು ಮುಂದೆ ಬರುವಾಗ ಗೂಟ ಗೂಡಿಗೆ ಹೊಕ್ಕು ಬಾಗಿಲನ್ನು ಮೇಲೆ ಕೆಳಗೆ ಸರಿಸಿ ಕೂರಿಸುತ್ತದೆ. ಸೀಳು ಬಿಗಿಯಾಗಿಯೇ ಉಳಿಯುತ್ತದೆ. ಇನ್ನೊಂದು ಲಾಭವೂ ಇದೆ: ಯಾರಾದರೂ ಮೀಟಿದರೆ ಭಾರ ಬೀಗದ ಮೇಲಷ್ಟೇ ಬೀಳದೆ ಗೂಟಗಳ ಮೇಲೂ ಹಂಚಿಹೋಗುತ್ತದೆ. ಗೂಟಕ್ಕೆ 316 ದರ್ಜೆಯ ಸ್ಟೀಲನ್ನೇ ಹಟ ಹಿಡಿದು ತರಿಸಿದೆ. ಅದರಲ್ಲಿ ಶೇ. 2ರಿಂದ 3ರಷ್ಟು ಮೊಲಿಬ್ಡಿನಮ್ ಎಂಬ ಲೋಹ ಇರುತ್ತದೆ, ಉಪ್ಪುಗಾಳಿಯನ್ನು ತಾಳಿಕೊಳ್ಳುತ್ತದೆ. ಸಮುದ್ರದ ಬದಿಯಲ್ಲಿ ರಾತ್ರಿ ಕಳೆಯುವ ಗಾಡಿಗೆ ಸಾಮಾನ್ಯವಾಗಿ ಸಿಗುವ 304 ದರ್ಜೆಯ ಸ್ಟೀಲ್ ಸಾಲದು. ಅಯಸ್ಕಾಂತ ಹಿಡಿದರೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ, ನೆನಪಿರಲಿ.

ಬೇಸಗೆಯಿಡೀ ಚೆನ್ನಾಗಿ ನಡೆಯಿತು. ಆಟಿ ತಿಂಗಳ ಮಳೆ ಹಿಡಿದದ್ದೇ ತಡ, ಗೂಟ ಗೂಡಿನಲ್ಲಿ ಸಿಕ್ಕಿಕೊಳ್ಳತೊಡಗಿತು. ಬಾಗಿಲು ಮುಚ್ಚಲು ಹೆಗಲು ಕೊಡಬೇಕು, ತೆರೆಯಲು ಕಾಲು ಕೊಡಬೇಕು. ಗೂಡಿನ ಒಳ ಅಳತೆ ಮೊದಲಿಗಿಂತ ಕಿರಿದಾಗಿತ್ತು.

ಇಲ್ಲಿ ನನ್ನ ಸಿಟ್ಟನ್ನು ಹೇಳಲೇಬೇಕು. ಗೂಡು ಮಾಡಿಸಲು ನಾನು ಆರ್ಡರ್ ಮಾಡಿದ್ದು ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಸರಳು. ಬಿಲ್ಲಿನಲ್ಲಿ ಬರೆದದ್ದೂ ಡೆಲ್ರಿನ್. ಗಡಿಯಾಚೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಲ್ಲಿರುವ ಅಂಗಡಿ ಅದನ್ನು ಕೇರಳದ ಪಿನ್ ಕೋಡ್ ಎಂಬ ಒಂದೇ ಕಾರಣಕ್ಕೆ ಕೊಚ್ಚಿಯವರೆಗೆ ಕಳುಹಿಸಿ, ಅಲ್ಲಿಂದ ಮರಳಿ ನನ್ನ ಮನೆಗೆ ಮುಟ್ಟಿಸಿತು. ಬಂದದ್ದು ಬಿಳಿ ನೈಲಾನ್. ನೋಡಲು ಎರಡೂ ಒಂದೇ. ನೈಲಾನ್ ತೇವ ಹೀರಿ ಉಬ್ಬುತ್ತದೆ, ಡೆಲ್ರಿನ್ ಹೀರುವುದು ತೀರ ಕಡಿಮೆ. ಅಡುಗೆಮನೆಯಲ್ಲೇ ಪತ್ತೆ ಮಾಡಬಹುದು: ಒಂದು ಲೋಟ ನೀರಿಗೆ ಇನ್ನು ಕರಗದು ಎನ್ನುವಷ್ಟು ಉಪ್ಪು ಹಾಕಿ ಚೂರನ್ನು ಬಿಡಿ. ಅಂಥ ಉಪ್ಪುನೀರಿನ ಸಾಂದ್ರತೆ ಸುಮಾರು 1.2, ನೈಲಾನಿನದು 1.14, ಡೆಲ್ರಿನ್‌ನದು 1.41. ನನ್ನ ಚೂರನ್ನು ಬೆರಳಿನಿಂದ ತಳಕ್ಕೆ ಒತ್ತಿ ಬಿಟ್ಟೆ. ಅದು ಮೆಲ್ಲನೆ ಮೇಲೇರಿ ಲೋಟದ ಅಂಚಿಗೆ ಬಂದು ನಿಂತಿತು. ಅಕ್ಕ ನೋಡಿ, "ಇದನ್ನು ಅಂಗಡಿಯವರಿಗೆ ವಿಡಿಯೊ ಮಾಡಿ ಕಳುಹಿಸು" ಎಂದಳು. ಕಳುಹಿಸಿದೆ. ಉತ್ತರ ಬರಲಿಲ್ಲ. ಎರಡನೆಯ ಸರಳನ್ನು ಬೇರೆ ಕಡೆ ಕೈಯಾರೆ ಆರಿಸಿ ತಂದೆ; ಇದು ತಳ ಹಿಡಿದು ಕುಳಿತಿದೆ.

ಲೇತಿನ ಬಳಿ ಕಾಯುತ್ತಿದ್ದಾಗಲೇ ಮುಂದಿನ ಕೆಲಸ ತಲೆಗೆ ಹೊಕ್ಕಿತು. ಕಿಟಕಿ ಭದ್ರವಾಗಿ ಮುಚ್ಚಿ ಮಲಗಿ ಎಂದು ಹೇಳುವವರು ಏಪ್ರಿಲ್‌ನಲ್ಲಿ ಒಮ್ಮೆ ಬೇಕಲದ ಕಡಲ ಬದಿಯಲ್ಲಿ ಮಲಗಿ ನೋಡಲಿ. ಗಾಳಿ ಬೇಕು, ಕೈ ಒಳಗೆ ಬರಬಾರದು. ಒಳಬದಿಯಿಂದ ಸ್ಟೀಲ್ ಜಾಲರಿಯ ಚೌಕಟ್ಟು, ಅದರ ಹಿಂದೆ ಸೊಳ್ಳೆಪರದೆ, ಮೂಲೆಯಲ್ಲಿ 12 ವೋಲ್ಟಿನ ಕಂಪ್ಯೂಟರ್ ಫ್ಯಾನು. ಚೌಕಟ್ಟು ಒಳಗಿನಿಂದ ಎರಡು ತಿರುಪಿಗೆ ಕಳಚಿ ಬರಬೇಕು. ಗಾಜಿಗೆ ಸದ್ಯ ಪಾರದರ್ಶಕ ಸುರಕ್ಷತಾ ಫಿಲ್ಮ್ ಸಾಕು. ಅದು ಗಾಜು ಒಡೆಯುವುದನ್ನು ತಪ್ಪಿಸುವುದಿಲ್ಲ, ಒಡೆದ ಚೂರುಗಳನ್ನು ಹಿಡಿದಿಟ್ಟು ಕಳ್ಳನ ಸಮಯ ತಿನ್ನುತ್ತದೆ. ಕಪ್ಪು ಫಿಲ್ಮಿನ ಆಸೆ ಬೇಡ: ಮುಂದೆ ಹಿಂದೆ ಕನಿಷ್ಠ ಶೇ. 70, ಪಕ್ಕಕ್ಕೆ ಶೇ. 50 ಬೆಳಕು ಹಾಯಬೇಕೆಂದು ನಿಯಮವಿದೆ.

ಒಂದು ವಿಷಯದಲ್ಲಿ ರಾಜಿಯಿಲ್ಲ. ಕೊಕ್ಕೆಬೀಗ ಒಳಗಿನಿಂದ ಕೀಲಿಯಿಲ್ಲದೆ, ಕತ್ತಲಲ್ಲಿ, ಒಂದೇ ಕೈತಿರುಗಿನಲ್ಲಿ ತೆರೆಯಬೇಕು. ಒಳಗೆ ಗ್ಯಾಸ್ ಒಲೆ ಇದೆ. ಎರಡೂ ಬದಿಗೆ ಕೀಲಿ ಇರುವ ಬೀಗ ಅಗ್ಗಕ್ಕೆ ಸಿಗುತ್ತದೆ. ಮಲಗುವ ಗಾಡಿಗೆ ಅದನ್ನು ಹಾಕಲೇಬಾರದು.

ಹೊಸ ಗೂಡು ಕೂರಿಸಿ ಹಲಗೆಗಳನ್ನು ನಾಲ್ಕು ಚಕ್ರಗಳಿಗೂ ಸರದಿಯಂತೆ ಇಟ್ಟು ನೋಡಿದೆ. ಕುಂಕುಮ ಪ್ರತಿ ಸಲವೂ ಸೀಳಿನ ನಡುವೆಯೇ ಬಿತ್ತು. ಮೂರು ದಿನ ಬಿಡದೆ ಸುರಿದ ಮಳೆಯ ನಂತರವೂ ಕೀಲಿ ಎರಡು ಬೆರಳಿಗೆ ತಿರುಗಿತು. ಬಲಬಾಗಿಲಿನ ಗೂಟಗಳು ಲೇತಿನಲ್ಲಿವೆ. ಜಾಲರಿಗೆ 316ರ ಹಾಳೆ ಮಾತ್ರ ಕಾಸರಗೋಡಿನ ಯಾವ ಅಂಗಡಿಯಲ್ಲೂ ಇನ್ನೂ ಸಿಕ್ಕಿಲ್ಲ.